ಏಳು ನಿಮಿಷ ಮೊದಲು

ಮೊದಲು ಕೇಳಿಸಿದ್ದು ಮಗುವಿನ ಅಳು. ಎದುರು ಬೀದಿಯ ಮಹಡಿಯ ಪೂಜೆಯಲ್ಲಿ ರಾಮ ಹುಟ್ಟಿದನೆಂದು ಗಂಟೆ ಬಾರಿಸಿದ್ದು ಆಮೇಲೆ. ನಡುವೆ ಎಷ್ಟು ಹೊತ್ತು ಕಳೆಯಿತೆಂಬುದು ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಅವರು ಹೆರಿಗೆ ಕೋಣೆಯ ದೊಡ್ಡ ಸಿಸ್ಟರ್. ಆ ರಾಮನವಮಿಯ ದಿನ ಅವರ ಕೈಯಲ್ಲಿದ್ದದ್ದು ಸ್ವಂತ ಮಗಳ ಮಗು.

ಬೆನ್ನ ಹಿಂದೆ ಎಲ್ಲರೂ ಅವರನ್ನು ಗಡಿಯಾರದಮ್ಮ ಎನ್ನುತ್ತಿದ್ದರು. ಸಮವಸ್ತ್ರದ ಎದೆಗೆ ಪಿನ್ನು ಹಾಕಿದ ಪುಟ್ಟ ಗಡಿಯಾರವನ್ನು ಅವರು ದಿನಾ ಬೆಳಿಗ್ಗೆ ರೇಡಿಯೊ ವಾರ್ತೆಗೆ ಸರಿಹೊಂದಿಸಿಕೊಂಡೇ ಮನೆಯಿಂದ ಹೊರಡುವುದು. ಮಗು ಹೊರಬಂದ ಗಳಿಗೆಯಲ್ಲಿ ಉಳಿದವರು ದೇವರನ್ನು ನೆನೆದರೆ ಇವರು ಎದೆ ನೋಡಿಕೊಳ್ಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಅವಳಿ ಮಕ್ಕಳ ಹೊತ್ತು ಬರೆಯಲು ಮರೆತಿದ್ದರು. ಯಾರು ಅಣ್ಣ, ಯಾರು ತಮ್ಮ ಎಂದು ಆ ಇಬ್ಬರು ಗಡ್ಡ ಬಂದ ಮೇಲೂ ಜಗಳವಾಡುತ್ತಿದ್ದರು. ಆ ತಾಯಿ ತರಕಾರಿ ಅಂಗಡಿಯಲ್ಲಿ ಎದುರಾದಾಗಲೆಲ್ಲ, ಏನಾದರೂ ನೆನಪಾಯಿತೇ ಸಿಸ್ಟರ್, ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಅಂದಿನಿಂದ ಇಪ್ಪತ್ತೊಂಬತ್ತು ವರ್ಷ ಸಿಸ್ಟರ್ ಒಂದು ನಿಮಿಷವನ್ನೂ ಆಚೀಚೆ ಬರೆದವರಲ್ಲ.

ಬರೆಯುವುದರಲ್ಲಿ ಹೀಗಿದ್ದವರು ಗೋಡೆಯ ವಿಷಯದಲ್ಲಿ ಮಾತ್ರ ಒಂದು ತಪ್ಪು ಮಾಡಿದ್ದರು. ಡಾಕ್ಟರಮ್ಮನ ಕೈಗುಣ ಒಳ್ಳೆಯದು, ಆದರೆ ದಿನವೂ ಏಳು ನಿಮಿಷ ತಡ. ಹನ್ನೊಂದು ವರ್ಷದ ಹಿಂದೆ ಸಿಸ್ಟರ್ ಯಾರಿಗೂ ಹೇಳದೆ ಸ್ಟೂಲು ಹತ್ತಿ, ಹಜಾರದ ದೊಡ್ಡ ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸಿದರು. ಮರುದಿನ ಗೋಡೆಯಲ್ಲಿ ಹದಿನಾಲ್ಕು ನಿಮಿಷ ತಡವಾದದ್ದು ಕಂಡ ಡಾಕ್ಟರಮ್ಮ ಅಂದಿನಿಂದ ಬೇಗ ಹೊರಟು ಹೊತ್ತಿಗೆ ಸರಿಯಾಗಿ ಬರತೊಡಗಿದರು. ಅವರ ಫೋನು ಬೇರೆ ಸಮಯ ತೋರಿಸಿದಾಗ ಫೋನನ್ನೇ ಬೈದುಕೊಳ್ಳುತ್ತಿದ್ದರು.

ಆ ಗಡಿಯಾರದ ಕೆಳಗಿನ ಬೆಂಚಿನ ಮೇಲೆ ಅಂದು ಬೆಳಿಗ್ಗೆಯಿಂದ ಬೀಗಿತ್ತಿ ಕೂತಿದ್ದರು. ಸೊಸೆಗೆ ಇದು ಎರಡನೆಯದು. ಮೊದಲನೆಯದು ಹೆಣ್ಣಾದಾಗ ಆ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮೂರು ತಲೆಮಾರಿನ ಗಂಡುಮಕ್ಕಳು ಮಲಗಿದ್ದ ತೊಟ್ಟಿಲು ಅಟ್ಟದಿಂದ ಇಳಿಯಲಿಲ್ಲ, ಅಷ್ಟೇ. ಈಗಲೂ ಡಾಕ್ಟರಮ್ಮ ಹೊರಬಂದು ಹೆಣ್ಣು ಎಂದಾಗ ಬೀಗಿತ್ತಿಯ ಮುಖ ಇಳಿದೇ ಹೋಯಿತು. ಆದರೆ ಅಳು ಕೇಳಿದ ಕೂಡಲೇ ತಾವು ತಲೆಯೆತ್ತಿ ನೋಡಿದ್ದು ಅವರಿಗೆ ನೆನಪಾಯಿತು. ಗೋಡೆಯ ಮೇಲೆ ಸರಿಯಾಗಿ ಹನ್ನೆರಡು. ರಾಮ ಹುಟ್ಟಿದ ಹೊತ್ತು. ಇಳಿದ ಮುಖ ಮತ್ತೆ ಏರಿತು. ಮನೆಗೆ ಫೋನು ಹೋಯಿತು, ನೆಂಟರಿಗೆಲ್ಲ ಫೋನು ಹೋಯಿತು. ಅಷ್ಟರಲ್ಲಿ ಎದುರು ಮಹಡಿಯ ಗಂಟೆ ಬಾರಿಸಿದ್ದಕ್ಕೆ, ಪೂಜೆಯವರಿಗೆ ಈ ಸಲವೂ ಹೊತ್ತುಗೊತ್ತಿಲ್ಲ ಎಂದು ಬೇಸರಪಟ್ಟುಕೊಂಡರು.

ಒಳಗೆ ಮಗಳಿಗೆ ಸುದ್ದಿ ಮೊದಲೇ ತಲುಪಿತ್ತು. ತಾಯಿ ಬರೆಯುತ್ತಿದ್ದ ಚೀಟಿಯನ್ನು ಮಲಗಿದಲ್ಲಿಂದಲೇ ಓದಿದಳು. ಹನ್ನೊಂದು ಐವತ್ತಮೂರು.

"ಅಮ್ಮ, ಹನ್ನೆರಡು ಅಂತ ಬರೆದುಬಿಡು."

ಸಿಸ್ಟರ್ ಹೊದಿಕೆ ಸರಿಮಾಡಿದರು.

"ತೊಟ್ಟಿಲು ಇಳಿಸ್ತಿದಾರಂತೆ ಅಮ್ಮ. ಏಳು ನಿಮಿಷದಿಂದ ನಿನ್ನ ಗಂಟೇನು ಹೋಗುತ್ತೆ?"

ಸಿಸ್ಟರ್ ಮಗಳ ನಾಡಿ ಹಿಡಿದು ನಿಂತರು. ಅರ್ಧ ನಿಮಿಷ ಎಣಿಸಿದರೆ ಸಾಕಿತ್ತು, ಎರಡು ನಿಮಿಷ ಎಣಿಸಿದರು. ಬರೆಯುವುದು ಕಷ್ಟವಲ್ಲ. ಮಗಳು ಆ ಮನೆಯಲ್ಲಿ ಬಾಳಬೇಕಾದವಳು, ಮಗು ಆ ಮನೆಯಲ್ಲಿ ಬೆಳೆಯಬೇಕಾದದ್ದು. ತಾವು ಸುಮ್ಮನಿದ್ದರೂ ಆಯಿತು, ಗೋಡೆಯೇ ಸಾಕ್ಷಿ ಹೇಳುತ್ತದೆ. ಮಗು ಬಟ್ಟೆಯೊಳಗೆ ಮುಷ್ಟಿ ಬಿಗಿದು ಮಲಗಿತ್ತು. ಈ ಲೋಕದಲ್ಲಿ ಅದರ ಸ್ವಂತದ್ದೆಂದು ಸದ್ಯಕ್ಕೆ ಇದ್ದದ್ದು ಎರಡೇ: ಒಂದು ತೂಕ, ಒಂದು ಹೊತ್ತು. ಅದರಲ್ಲಿ ಒಂದನ್ನು ಅಜ್ಜಿಯೇ ಕಿತ್ತುಕೊಂಡು ದೇವರ ಹೊತ್ತನ್ನು ಸಾಲ ಕೊಡಿಸಿದರೆ, ಹುಡುಗಿ ಬದುಕಿಡೀ ಸಾಲದ ತೊಟ್ಟಿಲಲ್ಲೇ ಮಲಗಬೇಕು.

"ನಾಡಿ ಚೆನ್ನಾಗಿದೆ," ಎಂದು ಹೇಳಿ ಚೀಟಿ ಹಿಡಿದು ಹೊರಬಂದರು.

ಬೇರೆ ದಿನ ಸಿಸ್ಟರ್ ಎನ್ನುವ ಬೀಗಿತ್ತಿ ಅಂದು ಬೀಗ್ರೇ ಎಂದರು. ಚೀಟಿ ಓದಿ, ಬೆರಳೆತ್ತಿ ಗೋಡೆ ತೋರಿಸಿದರು.

"ಬರೆಯೋವಾಗ ಕೈತಪ್ಪಿದೆ ಬೀಗ್ರೇ. ನಾನು ಕಣ್ಣಾರೆ ನೋಡಿದೀನಿ."

"ನೀವು ನೋಡಿದ್ದು ಸುಳ್ಳಲ್ಲ. ಗಡಿಯಾರ ಸುಳ್ಳು."

ಸಿಸ್ಟರ್ ಸ್ಟೂಲು ಎಳೆದು ಹತ್ತಿ, ಗಡಿಯಾರ ಇಳಿಸಿ, ಎದೆಯ ಮೇಲಿನದನ್ನು ನೋಡಿಕೊಂಡು ಮುಳ್ಳನ್ನು ಹಿಂದಕ್ಕೆ ತಿರುಗಿಸತೊಡಗಿದರು. ಡಾಕ್ಟರಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಏನು ಮಾಡುತ್ತಿದ್ದೀರಿ ಎಂದು ಕೇಳಿದರು.

"ಹನ್ನೊಂದು ವರ್ಷದಿಂದ ಏಳು ನಿಮಿಷ ಮುಂದಿತ್ತು ಡಾಕ್ಟ್ರೇ. ನಾನೇ ಇಟ್ಟಿದ್ದು. ನಿಮಗೋಸ್ಕರ."

ಡಾಕ್ಟರಮ್ಮ ಜೇಬಿನಿಂದ ಫೋನು ತೆಗೆದು, ತಾವು ಬಹಳ ದಿನ ಸುಮ್ಮಸುಮ್ಮನೆ ಅನುಮಾನಪಟ್ಟ ನಿಯತ್ತಿನ ಆಳನ್ನು ನೋಡುವಂತೆ ನೋಡಿ, ಒಳಗೆ ಹೋದರು.

ಬೀಗಿತ್ತಿ ಬೆಂಚಿನ ಮೇಲೆ ಕೂತರು. ಎಲ್ಲರಿಗೂ ಹೇಳಿ ಆಗಿದೆ, ಈಗ ಯಾವ ಮುಖ ಇಟ್ಟುಕೊಂಡು ತಿರುಗಿ ಹೇಳುವುದು ಎಂದು ಗೊಣಗಿದರು. ಆಮೇಲೆ ನಿಧಾನವಾಗಿ ಕೇಳಿದರು.

"ತೊಟ್ಟಿಲು ಆಗ್ಲೇ ಅರ್ಧ ಇಳಿಸಿರ್ತಾರೆ. ಅವರಿಗೇನು ಹೇಳ್ಲಿ?"

"ಪೂರ್ತಿ ಇಳಿಸಿ ಅಂತ ಹೇಳಿ."

"ಹೆಣ್ಣು ಮಗೂನ ಅದ್ರಲ್ಲಿ ಇದುವರೆಗೂ ನಮ್ಮನೇಲಿ ಯಾರೂ..."

"ಅಗಲವಾಗಿದ್ರೆ ದೊಡ್ಡವಳನ್ನೂ ಒಂದ್ಸಲ ಕೂರ್ಸಿ. ಅವಳು ಹುಟ್ಟಿದ್ದು ಬೆಳಿಗ್ಗೆ ಆರು ಇಪ್ಪತ್ತೆರಡಕ್ಕೆ. ಆಗ ಯಾರೂ ಕೇಳ್ಲಿಲ್ಲ."

ಬೀಗಿತ್ತಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು. ನಾನೇನು ಬೇಡ ಅಂದೆನೇ, ಮನೆಯ ಗಂಡಸರ ಮಾತು ಬೇರೆ, ಅಟ್ಟದ ಏಣಿಯೂ ಭದ್ರವಿಲ್ಲ ಎಂದು ಒಂದೊಂದಾಗಿ ಹೇಳತೊಡಗಿದರು. ಒಳಗಿನಿಂದ ಮೂರನೇ ಮಂಚದ ಗರ್ಭಿಣಿ ನೋವಿನಲ್ಲಿ ಸಿಸ್ಟರನ್ನು ಕರೆದಳು.

"ಅಲ್ಲ ಬೀಗ್ರೇ, ಇಳಿಸೋದು ಇಳಿಸ್ತೀವಿ, ಆದ್ರೆ ಹೆಸರು ರಾಮನದ್ದೇ ಇಡಬೇಕು ಅಂತ..." ಎಂದು ಬೀಗಿತ್ತಿ ಶುರುಮಾಡುವ ಹೊತ್ತಿಗೆ, ಸಿಸ್ಟರ್ ಕೈ ತೊಳೆಯಲು ನಡೆದಾಗಿತ್ತು.