ಇಪ್ಪತ್ಮೂರನೆಯ ಚೌಕದ ಸ್ವರ

ವಿಮಾನ ನಿಲ್ದಾಣದ ಗೋಪುರ ಅಂದರೆ ಎಲ್ಲರ ಕಣ್ಣೂ ಮೇಲಿನ ಗಾಜಿನ ಕೋಣೆಗೇ ಹೋಗುತ್ತದೆ. ಅದರ ಬುಡದಲ್ಲಿ, ಕಿಟಕಿಯೇ ಇಲ್ಲದ ನೆಲಮಾಳಿಗೆಯ ಕೋಣೆಯಲ್ಲಿ ಕೂತು ಒಬ್ಬ ಹೆಂಗಸು ಹನ್ನೊಂದು ವರ್ಷದಿಂದ ಊರಿಗೆ ಆಕಾಶ ಹಂಚುತ್ತಿದ್ದಾಳೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರು ಅವಳನ್ನು ಚೌಕದಕ್ಕ ಅನ್ನುತ್ತಾರೆ.

ಅವಳ ಮೇಜಿನ ಗಾಜಿನಡಿ ಊರಿನ ನಕ್ಷೆಯಿದೆ. ನಕ್ಷೆಯ ತುಂಬ ಚೌಕಗಳು, ಒಂದೊಂದಕ್ಕೂ ಒಂದು ಸಂಖ್ಯೆ, ಅದರ ಕೆಳಗೆ ಡ್ರೋನ್ ಎಷ್ಟು ಎತ್ತರ ಹಾರಬಹುದು ಅನ್ನುವ ಮಿತಿ. ರನ್‌ವೇ ಪಕ್ಕದ ಚೌಕಗಳಲ್ಲಿ ಸೊನ್ನೆ; ಅಲ್ಲಿ ಗಾಳಿಪಟವನ್ನೂ ಎತ್ತುವಂತಿಲ್ಲ. ದೂರ ಹೋದಂತೆ ಹದಿನೈದು, ಮೂವತ್ತು, ಅರವತ್ತು ಮೀಟರ್. ಮೋಜಿಗೆ ಡ್ರೋನ್ ಹಾರಿಸುವವರು ಮೊದಲೇ ಅರ್ಜಿ ಹಾಕಿಕೊಂಡು, ಹಾರಿಸುವ ಹತ್ತು ನಿಮಿಷ ಮುಂಚೆ ಫೋನ್ ಮಾಡಬೇಕು. ಅಕ್ಕ ಚೌಕ, ಎತ್ತರ, ಸಮಯ ಹೇಳುತ್ತಾಳೆ. ಆ ಕಡೆಯವರು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಆಗ ಅವಳು ನಕ್ಷೆಯ ಮೇಲೆ ಒಂದು ಕೆಂಪು ಬಿಲ್ಲೆ ಇಡುತ್ತಾಳೆ. ಹಾರಿಸಿ ಮುಗಿದ ಮೇಲೆ ಮತ್ತೆ ಫೋನ್ ಮಾಡಿ ‘ಇಳಿಸಿದೆ’ ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಅಕ್ಕ ಬಿಲ್ಲೆ ತೆಗೆಯುವುದಿಲ್ಲ, ಊಟಕ್ಕೂ ಏಳುವುದಿಲ್ಲ.

ಇಷ್ಟು ಬಿಗಿ ಯಾಕೆಂದರೆ ಒಮ್ಮೆ ಅವಳಿಗೆ ಸರಿಯಾಗಿ ಬಿಸಿ ಮುಟ್ಟಿದೆ. ಕೆಲಸಕ್ಕೆ ಸೇರಿದ ಹೊಸತು. ಯಾರೋ ಒಬ್ಬ ಮಹಾಶಯ ಏನೋ ಅಗಿಯುತ್ತ, ಅವಳು ಹೇಳಿದ್ದಕ್ಕೆಲ್ಲ ‘ಹೂಂ ಹೂಂ’ ಅಂದ. ಇವಳೂ ಸರಿ ಅಂದಳು. ಆಮೇಲೆ ಆತ ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಡ್ರೋನ್ ಬಿಟ್ಟ. ಇಳಿಯುತ್ತಿದ್ದ ಪುಟ್ಟ ವಿಮಾನವೊಂದು ಕೊನೇ ಗಳಿಗೆಯಲ್ಲಿ ಮೂತಿ ಎತ್ತಿ ಪಾರಾಯಿತು. ಅಕ್ಕನಿಗೆ ನಾಲ್ಕು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಅವಳದ್ದೊಂದು ಕಾನೂನು: “ಹೂಂ ಅಂದ್ರೆ ಅನುಮತಿ ಇಲ್ಲ. ಹಾರಿಸೋರೇ ಹೇಳಬೇಕು, ಪೂರ್ತಿ ಹೇಳಬೇಕು.”

ಹಾಗೆ ಪೂರ್ತಿ ಹೇಳುವವರಲ್ಲಿ ಅವಳಿಗೆ ಅಚ್ಚುಮೆಚ್ಚಿನವರೆಂದರೆ ಬೀಗದವರು. ಬೀಗ ರಿಪೇರಿಯ ಸಣ್ಣ ಅಂಗಡಿ, ಗುರುವಾರ ಅದಕ್ಕೆ ರಜೆ. ಪ್ರತಿ ಗುರುವಾರ ನಾಲ್ಕೂ ಇಪ್ಪತ್ತಕ್ಕೆ ಅವರ ಫೋನ್. “ಚೌಕ ಇಪ್ಪತ್ಮೂರು, ಮೂವತ್ತು ಮೀಟರ್, ನಾಲ್ಕೂವರೆಯಿಂದ ಐದು” ಎಂದು ಇವಳು ಹೇಳಿದರೆ, ಪಾಠ ಒಪ್ಪಿಸುವವರ ಹಾಗೆ ಅವರೂ ಅಷ್ಟನ್ನೂ ಹೇಳಿ, ಕೊನೆಗೆ “ಸರಿನಾ ಅಕ್ಕ?” ಅನ್ನುತ್ತಿದ್ದರು. ಇಪ್ಪತ್ಮೂರು ಅಂದರೆ ಹಳೆಯ ನೀರಿನ ಟ್ಯಾಂಕಿನ ಸುತ್ತಲಿನ ಬಯಲು. ಆರು ವರ್ಷದಲ್ಲಿ ಒಂದು ದಿನವೂ ಅವರ ಮುಖ ನೋಡಿದವಳಲ್ಲ. ಆದರೂ ಡ್ರೋನ್ ಎದ್ದ ಕೂಡಲೇ ಅವರ ನಾಯಿ ಅದರ ಬೆನ್ನಟ್ಟಿ ಬಯಲೆಲ್ಲ ಓಡುತ್ತದೆ, ಇಡೀ ವಾರ ಬಗ್ಗಿ ಕೂತು ಕೆಲಸ ಮಾಡುವವರಿಗೆ ಆ ಅರ್ಧ ಗಂಟೆಯೇ ಕತ್ತೆತ್ತಿ ನೋಡುವ ಹೊತ್ತು ಅನ್ನುವುದೆಲ್ಲ ಅವಳಿಗೆ ಗೊತ್ತಿತ್ತು.

ಒಂದು ಸಲ ನೆಗಡಿಯಾಗಿ ಸ್ವರ ಕಟ್ಟಿದ್ದರಿಂದ ಅವರು ಪಕ್ಕದ ಅಂಗಡಿಯವರ ಕೈಯಲ್ಲಿ ಫೋನ್ ಮಾಡಿಸಿದ್ದರು. ಅಕ್ಕ ಕಡ್ಡಿ ಮುರಿದ ಹಾಗೆ ಆಗಲ್ಲ ಅಂದಳು. ಮುಂದಿನ ವಾರ ಅವರಿಗೂ ಹೇಳಿದಳು, “ಸ್ವರ ನಿಮ್ಮದೇ ಇರಬೇಕು. ಸ್ವರ ಇಲ್ಲ ಅಂದ್ರೆ ಹಾರಾಟ ಇಲ್ಲ.” ಬೀಗದವರು ನಕ್ಕು, “ಆಯ್ತಕ್ಕ, ಸ್ವರ ಜೋಪಾನವಾಗಿ ಇಟ್ಕೊಳ್ತೀನಿ” ಅಂದಿದ್ದರು.

ಈ ವರ್ಷದ ಮಳೆ ಶುರುವಾದಾಗ ಅವರೊಂದು ಗುರುವಾರ ಫೋನ್ ಮಾಡಿ, “ಇವತ್ತು ಹಾರಿಸಲ್ಲ ಅಕ್ಕ. ನಾಯಿ ಹೋಯ್ತು” ಅಂದರು. ಸ್ವರ ಒಡೆದಿತ್ತು. ಅಳು ಅಂದುಕೊಂಡಳು ಅಕ್ಕ. ಏನು ಹೇಳಬೇಕೆಂದು ತೋಚದೆ, “ಚೌಕ ಖಾಲಿ ಇಟ್ಟಿರ್ತೀನಿ, ಬನ್ನಿ ಯಾವಾಗಾದ್ರೂ” ಅಂದಳು. ಅದಾಗಿ ಏಳು ಗುರುವಾರ ಫೋನ್ ಬರಲಿಲ್ಲ.

ಎಂಟನೆಯ ಗುರುವಾರ ಬಂತು. ನಾಲ್ಕೂ ಇಪ್ಪತ್ತು, ಅದೇ ನಂಬರು. ಅಕ್ಕ ಖುಷಿಯಿಂದ “ಎಲ್ಲಿ ಹೋಗಿದ್ರಿ ಇಷ್ಟು ದಿನ?” ಅಂದಳು. ಆ ಕಡೆಯಿಂದ ಉತ್ತರವಿಲ್ಲ. ಮುನಿಸಿರಬೇಕೆಂದು ತನ್ನ ಪಾಡಿಗೆ ಚೌಕ, ಎತ್ತರ, ಸಮಯ ಹೇಳಿದಳು. ತಕ್ಷಣ ಅವರ ಸ್ವರ ಬಂತು, ಸ್ಪಷ್ಟವಾಗಿ, ಮೊದಲಿನ ಹಾಗೇ: “ಚೌಕ ಇಪ್ಪತ್ಮೂರು, ಮೂವತ್ತು ಮೀಟರ್, ನಾಲ್ಕೂವರೆಯಿಂದ ಐದು. ಸರಿನಾ ಅಕ್ಕ?” ಐದು ಗಂಟೆಗೆ ಸರಿಯಾಗಿ “ಇಳಿಸಿದೆ ಅಕ್ಕ. ಎಲ್ಲ ಸರಿ.” ಅವಳು ಬಿಲ್ಲೆ ತೆಗೆದು, ಚೀಲ ಹೆಗಲಿಗೇರಿಸಿ, ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿದವಳಿಗೆ ಅದು ಹೊಳೆಯಿತು. ‘ಎಲ್ಲ ಸರಿ’ ಅಂದ ಮೇಲೆ ಹಿಂದಿನಿಂದ ನಾಯಿ ಬೊಗಳಿತ್ತು.

ಹೊಸ ನಾಯಿ ತಂದಿರಬಹುದು ಎಂದು ಸಮಾಧಾನ ಮಾಡಿಕೊಂಡಳು. ಮುಂದಿನ ವಾರವೂ ನಾಯಿ ಬೊಗಳಿತು, ಅದೇ ಜಾಗದಲ್ಲಿ, ಎರಡೇ ಸಲ. “ಹೊಸ ನಾಯಿನಾ?” ಎಂದು ಕೇಳಿದಳು. ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು.

ಗಂಡ ತೀರಿಹೋದ ಮೇಲೆ ಅಕ್ಕನಿಗೆ ಮನೆಯಲ್ಲಿ ಜೊತೆಯೆಂದರೆ ನಾದಿನಿ ಒಬ್ಬಳೇ. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಲೋಕದ ವ್ಯವಹಾರವನ್ನೆಲ್ಲ ತೀರ್ಮಾನಿಸುವವಳು. ಸತ್ತ ನಾಯಿ ಬೊಗಳಿದ ಕಥೆ ಕೇಳಿ ಅವಳು ಸೂಜಿಯನ್ನು ತೆಗೆದಿಟ್ಟಳು.

“ಅಂದ್ರೆ ದೆವ್ವಕ್ಕೂ ನಿನ್ನ ಅನುಮತಿ ಬೇಕಾ ಅತ್ತಿಗೆ?” ಎಂದು ನಕ್ಕಳು. ಅತ್ತಿಗೆ ನಗಲಿಲ್ಲ. ನಾದಿನಿಯ ನಗೆಯೂ ಅರ್ಧಕ್ಕೆ ನಿಂತಿತು. “ರೆಕಾರ್ಡ್ ಆಗುತ್ತಲ್ಲ ನಿಮ್ಮ ಫೋನು? ಹಾಕಿ ಕೇಳು ಒಂದ್ಸಲ” ಅಂದಳು.

ಗೋಪುರಕ್ಕೆ ಬಂದ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ ನಿಜ. ಮಾರನೆಯ ದಿನ ಊಟದ ಹೊತ್ತಿಗೆ ಅಕ್ಕ ಬಾಗಿಲು ಹಾಕಿಕೊಂಡು ಎರಡು ಗುರುವಾರದ ಕರೆಗಳನ್ನು ಒಂದರ ಹಿಂದೊಂದು ಹಾಕಿದಳು. ‘ಮೂವತ್ತು’ ಅನ್ನುವ ಮುಂಚೆ ಸಣ್ಣದೊಂದು ಕೆಮ್ಮು. ‘ಐದು’ ಅಂದ ಮೇಲೆ ಕುರ್ಚಿ ಕಿರ್ ಅಂದ ಸದ್ದು. ಎರಡರಲ್ಲೂ ಅದೇ ಕೆಮ್ಮು, ಅದೇ ಕುರ್ಚಿ. ಎರಡನ್ನೂ ಒಟ್ಟಿಗೇ ಹಾಕಿದಳು. ಒಂದು ಎಳೆಯೂ ಹಿಂದೆ ಮುಂದೆ ಆಗದೆ ಎರಡು ಸ್ವರ ಒಂದೇ ಆಗಿ ಕೋಣೆ ತುಂಬಿತು: “ಸರಿನಾ ಅಕ್ಕ?” ಅವಳ ಮೈಯೆಲ್ಲ ಮುಳ್ಳೆದ್ದಿತು. ಗುಂಡಿ ಒತ್ತಿ ನಿಲ್ಲಿಸಲು ಎರಡು ಸಲ ತಡಕಾಡಿದಳು.

ಭಯದ ಜೊತೆಗೆ ಇನ್ನೊಂದು ಸಂಕಟವೂ ಇತ್ತು. ಸತ್ತ ಗಂಡನ ಮುಖ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತೆ ಬರುತ್ತದೆ, ಸ್ವರ ಮಾತ್ರ ನೆನಪಿಗೆ ಬರುವುದಿಲ್ಲ. ಮುಖವನ್ನೇ ನೋಡದ ಈ ಮನುಷ್ಯನ ಸ್ವರವೋ, ಸತ್ತ ಮೇಲೂ ಬಿಡದೆ ಬಂದು ಬಾಗಿಲು ತಟ್ಟುತ್ತಿದೆ. ಹೌದು, ಸತ್ತಿದ್ದಾರೆ ಎಂದೇ ಅವಳು ತೀರ್ಮಾನಿಸಿದ್ದಳು. ಹಾಗಾದರೆ ಇಪ್ಪತ್ಮೂರರಲ್ಲಿ ಹಾರಿಸುತ್ತಿರುವುದು ಯಾರು? ಮೇಲಿನ ಗಾಜಿನ ಕೋಣೆಯವರು ಆ ಎರಡು ಗುರುವಾರವೂ ದುರ್ಬೀನು ಹಿಡಿದು ನೋಡಿದ್ದರು. ಡ್ರೋನ್ ಮಿತಿಯೊಳಗೇ ಇತ್ತು, ಬಯಲಿನ ಮೇಲೆ ನಿಧಾನವಾಗಿ ಸುತ್ತು ಹಾಕುತ್ತಿತ್ತಂತೆ, ನೆಲದ ಮೇಲೆ ಏನೋ ಅದರ ಹಿಂದೆ ಓಡುತ್ತಿದ್ದರೆ ಹಾಕುವ ಹಾಗೆ. ಹಿಂದೆ ಏನೂ ಓಡುತ್ತಿರಲಿಲ್ಲ. ಟ್ಯಾಂಕಿನ ಮರೆಯಲ್ಲಿ ಯಾರಾದರೂ ನಿಂತಿದ್ದರೆ ಅಲ್ಲಿಂದ ಕಾಣುವುದಿಲ್ಲ.

ಪಾಳಿಯ ಸಾಹೇಬರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು.

“ರೆಕಾರ್ಡ್ ಮಾಡಿದ ಸ್ವರ ಅಂದ್ರೆ ಮೋಸ. ನೋಂದಣಿ ರದ್ದು ಮಾಡಿ. ಆಮೇಲೆ ಆ ಮನುಷ್ಯ ಜನ್ಮದಲ್ಲಿ ಡ್ರೋನ್ ಮುಟ್ಟೋ ಹಾಗಿಲ್ಲ.”

“ಆ ಮನುಷ್ಯ ಬದುಕಿದ್ದಾರೋ ಇಲ್ವೋ ಅದೇ ಗೊತ್ತಿಲ್ಲ ಸಾರ್. ಇನ್ನೊಂದು ಗುರುವಾರ ಕೊಡಿ.”

“ಒಂದೇ. ನಾನೂ ಪಕ್ಕದಲ್ಲಿ ಕೂತಿರ್ತೀನಿ.”

ಆ ಗುರುವಾರ ಬೇಕೆಂದೇ ಬಂದಂತೆ ಇನ್ನೊಂದು ಸಂಗತಿ ಬಂತು. ಆಸ್ಪತ್ರೆಯ ಹೆಲಿಕಾಪ್ಟರ್ ರೋಗಿಯೊಬ್ಬರನ್ನು ತರಲಿದೆ, ನಾಲ್ಕೂ ಮುಕ್ಕಾಲಿಗೆ ನೀರಿನ ಟ್ಯಾಂಕಿನ ದಿಕ್ಕಿನಿಂದ ತಗ್ಗಾಗಿ ಬರುತ್ತದೆ, ಆ ಸಾಲಿನ ಚೌಕಗಳಲ್ಲಿ ಇಪ್ಪತ್ತು ಮೀಟರಿಗಿಂತ ಮೇಲೆ ಏನೂ ಇರಕೂಡದು ಎಂದು ಮೇಲಿನಿಂದ ಆದೇಶ. ಅಕ್ಕ ಇಪ್ಪತ್ಮೂರನೆಯ ಚೌಕದ ಮೇಲೆ ಬೆರಳಿಟ್ಟಳು. ಸ್ವರವೊಂದೇ ಉಳಿದಿದ್ದರೆ ಅದಕ್ಕೆ ಇಪ್ಪತ್ತು ಅನ್ನಲು ಬರುವುದಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು. ಸಾಹೇಬರು ಕುರ್ಚಿ ಎಳೆದುಕೊಂಡರು.

“ಚೌಕ ಇಪ್ಪತ್ಮೂರು. ಇವತ್ತು ಇಪ್ಪತ್ತು ಮೀಟರ್. ಹೆಲಿಕಾಪ್ಟರ್ ಇದೆ. ನಾಲ್ಕೂವರೆಯಿಂದ ಐದು.”

ಕ್ಷಣ ಬಿಟ್ಟು ಆ ಸ್ವರ ಬಂತು. “ಚೌಕ ಇಪ್ಪತ್ಮೂರು,” ಕೆಮ್ಮು, “ಮೂವತ್ತು—” ಅಲ್ಲಿಗೆ ತುಂಡಾಯಿತು. ಯಾರೋ ಗಾಬರಿಯಾಗಿ ಬಾಯಿ ಮುಚ್ಚಿಸಿದ ಹಾಗೆ.

ಆಮೇಲೆ ಉಸಿರು ಕೇಳಿಸಿತು. ಅದು ಬಾಯಿಂದ, ಮೂಗಿನಿಂದ ಬರುವ ಉಸಿರಿನ ಹಾಗಿರಲಿಲ್ಲ. ಇನ್ನೂ ಕೆಳಗಿನಿಂದ, ಸಣ್ಣ ಕೊಳವೆಯೊಳಗಿಂದ ಸುಯ್ ಅಂದು, ನಿಂತು, ಮತ್ತೆ ಸುಯ್ ಅನ್ನುತ್ತಿತ್ತು. ಸಾಹೇಬರು ತಮಗೇ ತಿಳಿಯದೆ ಕುರ್ಚಿಯನ್ನು ಒಂದಡಿ ಹಿಂದಕ್ಕೆ ತಳ್ಳಿದರು.

ಅಕ್ಕನದ್ದು ಹನ್ನೊಂದು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. “ಇಪ್ಪತ್ತು ಮೀಟರ್. ತಿರುಗಿ ಹೇಳಿ.”

ಟಕ್.

ಲೋಹಕ್ಕೆ ಲೋಹ ಬಡಿದ ಸದ್ದು. ಬೀಗಕ್ಕೆ ಬೀಗದಕೈ ಬಡಿದಂತೆ. ಟಕ್, ಟಕ್, ಟಕ್. ಅಕ್ಕ ಪೆನ್ಸಿಲ್ ಎತ್ತಿಕೊಂಡು ಹಾಳೆಯ ಮೇಲೆ ಗೀಟು ಹಾಕತೊಡಗಿದಳು. ಹತ್ತಾಯಿತು, ಹದಿನೈದಾಯಿತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನಿಂತಿತು. ಅವಳು ಉಸಿರು ಬಿಗಿಹಿಡಿದು ಕಾದಳು. ಇಪ್ಪತ್ತೊಂದು ಬರಲಿಲ್ಲ.

“ಚೌಕ ಯಾವುದು?”

ಟಕ್, ಟಕ್. ಸ್ವಲ್ಪ ತಡೆದು, ಟಕ್, ಟಕ್, ಟಕ್.

“ಎಷ್ಟು ನಿಮಿಷ?”

ಮೂವತ್ತು ಸಲ ಬಡಿಯಿತು, ಒಂದೂ ತಪ್ಪದೆ, ಒಂದೂ ಅವಸರವಿಲ್ಲದೆ. ಎಣಿಸುವಷ್ಟರಲ್ಲಿ ಅಕ್ಕನ ಕಣ್ಣಿಂದ ನೀರು ಹಾಳೆಯ ಮೇಲೆ ಬಿದ್ದು ಗೀಟುಗಳು ಕದಡಿದವು. ಅವಳಿಗೆ ಎಲ್ಲ ಅರ್ಥವಾಗಿತ್ತು. ಆ ಸುಯ್ ಅನ್ನುವುದು ಗಂಟಲು ಕೊಯ್ದು ಕೊಳವೆ ಇಟ್ಟವರ ಉಸಿರು. ಒಡೆದ ಸ್ವರ ಬರೀ ಅಳುವಿನದಾಗಿರಲಿಲ್ಲ. ಗಂಟಲಿಗೆ ಏನಾಗಲಿದೆ ಎಂದು ಮಳೆಗೆ ಮುಂಚೆಯೇ ಅವರಿಗೆ ಗೊತ್ತಿತ್ತು. ನಾಯಿ ಇನ್ನೂ ಇದ್ದಾಗ, ಸ್ವರವೂ ಇದ್ದಾಗ, ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಅಷ್ಟನ್ನು ತುಂಬಿಸಿ ಇಟ್ಟುಕೊಂಡಿದ್ದರು. ಸ್ವರ ಇಲ್ಲ ಅಂದ್ರೆ ಹಾರಾಟ ಇಲ್ಲ ಅಂದವಳು ಯಾರು? ತಾನೇ.

“ಬೀಗದವರೇ,” ಅಂದಳು, “ಹೌದು ಅಂದ್ರೆ ಒಂದು ಸಲ ಬಡೀರಿ. ಗಂಟಲು ಆಪರೇಷನ್ನಾ?”

ಟಕ್.

“ಮತ್ತೆ ಬರಲ್ವಾ ಸ್ವರ?”

ತುಂಬಾ ಹೊತ್ತಾದ ಮೇಲೆ, ಮೆಲ್ಲಗೆ, ಟಕ್.

ಅಕ್ಕ ಸಾಹೇಬರತ್ತ ತಿರುಗಿದಳು. ಗೋಡೆಯ ಮೇಲಿನ ನಿಯಮದ ಹಲಗೆಯನ್ನೊಮ್ಮೆ, ಹಾಳೆಯ ಗೀಟುಗಳನ್ನೊಮ್ಮೆ ಸಾಹೇಬರು ನೋಡಿದರು. ಹಲಗೆಯಲ್ಲಿ ‘ಬಾಯಿಂದ ತಿರುಗಿ ಹೇಳಬೇಕು’ ಎಂದೇ ಬರೆದಿತ್ತು. ಅದನ್ನು ಬರೆಸಿದ್ದೂ ಅಕ್ಕನೇ.

“ಇಷ್ಟು ಸರಿಯಾಗಿ ಬಾಯಿದ್ದೋರೂ ಹೇಳಲ್ಲ ಸಾರ್” ಅಂದಳು. “ನೀವು ಬೇಡ ಅಂದ್ರೆ ಈ ಬಿಲ್ಲೆ ನೀವೇ ತಗೊಳ್ಳಿ, ನಾಳೆಯಿಂದ ನೀವೇ ಕೂತ್ಕೊಳ್ಳಿ.”

ಸಾಹೇಬರು ಕೆಮ್ಮಿದರು. “ಹಲಗೆ ಹೇಗೂ ಮಾಸಿದೆ. ಹೊಸದು ಬರೆಸೋಣ” ಅಂದರು. ಅಕ್ಕ ಇಪ್ಪತ್ಮೂರರ ಮೇಲೆ ಕೆಂಪು ಬಿಲ್ಲೆ ಇಟ್ಟಳು.

ಹೆಲಿಕಾಪ್ಟರ್ ಬಂದು ಹೋಯಿತು. ಡ್ರೋನ್ ಹತ್ತೊಂಬತ್ತರಲ್ಲೇ ನಿಂತು ದಾರಿ ಬಿಟ್ಟಿತೆಂದು ಮೇಲಿನವರು ತಿಳಿಸಿದರು. ಐದಾಯಿತು. ಐದೂ ಐದಾಯಿತು. ಫೋನ್ ಬರಲಿಲ್ಲ. ಐದೂ ಹತ್ತಕ್ಕೆ ರಿಂಗಾದಾಗ ಅಕ್ಕ ಎರಡೂ ಕೈಯಲ್ಲಿ ರಿಸೀವರ್ ಹಿಡಿದು, ಟಕ್ ಅನ್ನುವುದಕ್ಕಾಗಿ ಕಾದಳು.

“ಇಳಿಸಿದೆ ಅಕ್ಕ. ಎಲ್ಲ ಸರಿ” ಅಂದಿತು ಸ್ವರ. ಹಿಂದಿನಿಂದ ನಾಯಿ ಎರಡು ಸಲ ಬೊಗಳಿತು.

ಇಳಿಸಿದ್ದಕ್ಕೆ ಅಂಕಿ ಸಂಖ್ಯೆ ಬೇಕಾಗಿರಲಿಲ್ಲ. ತುಂಬಿಸಿಟ್ಟ ಮಾತನ್ನೇ ಅಕ್ಕ ಒಪ್ಪಿಕೊಂಡಳು. ಆ ಕಡೆ ಫೋನ್ ಇಡಲಿಲ್ಲ. ಸುಯ್ ಎಂದು ಉಸಿರು ಬಂದು ಹೋಯಿತು. ಆಮೇಲೆ ಅವರು ಅದನ್ನೇ ಇನ್ನೊಮ್ಮೆ ಹಾಕಿದರು. ಈ ಸಲ ಹಾಕಿಕೊಂಡದ್ದು ತನಗೆ ಕೇಳಿಸಲಿ ಎಂದಲ್ಲ, ನಾಯಿಯ ಸದ್ದು ಅವರಿಗೇ ಕೇಳಬೇಕಿತ್ತು ಅನ್ನುವುದು ಅಕ್ಕನಿಗೆ ತಿಳಿಯಿತು. ನಾಯಿ ಬೊಗಳಿ ಸುಮ್ಮನಾಗುವ ತನಕ ಕೇಳಿ, ಅವಳು ಬಿಲ್ಲೆ ತೆಗೆದಳು.