ಬ್ರೋಕರ್ ಹೇಳದೆ ಬಿಟ್ಟ ಮಾತು

ಕೆ.ಆರ್. ಪುರದಲ್ಲಿ ಎರಡು ಕೋಣೆಯ ಹಳೆಯ ಮನೆಯೊಂದನ್ನು ಕೊಳ್ಳಲು ಹೋದಾಗ, ಮೊದಲಿನಿಂದಲೂ ಬ್ರೋಕರ್ ಮೇಲೆ ನನಗೆ ನಂಬಿಕೆಯಿರಲಿಲ್ಲ. ಮನೆಯೊಡತಿ ವಯಸ್ಸಾದ ತಮಿಳು ಹೆಂಗಸು. "ಅವ್ರಿಗೆ ಕನ್ನಡ ಬರಲ್ಲ, ನಾನೇ ಮಾತಾಡ್ತೀನಿ" ಎಂದು ಅವನು ನಡುವೆ ಕುರ್ಚಿ ಹಾಕಿಕೊಂಡ. ನಾನೂ ಹೆಂಡತಿಯೂ ಕಲಬುರಗಿ ಕಡೆಯವರು. ಆದರೆ ರಸೆಲ್ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಹೂವಿನ ಅಂಗಡಿ ನಡೆಸಿ ನಾನು ತಮಿಳು ಕಲಿತಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ.

ಜೋರು ಮಳೆ ಬಂದರೆ ಮೋರಿ ನೀರು ಒಳಗೆ ನುಗ್ಗುತ್ತದೆ, ಅದನ್ನು ಮೊದಲೇ ಇವರಿಗೆ ಹೇಳಿಬಿಡು ಎಂದು ಅಜ್ಜಿ ತಮಿಳಿನಲ್ಲಿ ಅವನಿಗೆ ಹೇಳಿದರು.

"ಮನೆ ತುಂಬಾ ಲಕ್ಕಿ ಅಂತಾವ್ರೆ" ಎಂದ ಬ್ರೋಕರ್.

ಹೆಂಡತಿ ಸಂತೋಷದಿಂದ ತಲೆಯಾಡಿಸಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದೆ, ಮತ್ತೆ ಬಂದು ಕುಳಿತೆ. ಕೊನೆಗೆ, ನೀರು ಎಷ್ಟು ಎತ್ತರ ಬರುತ್ತದಮ್ಮಾ ಎಂದು ತಮಿಳಿನಲ್ಲೇ ಕೇಳಿದೆ. ಅವರು ಮೊಣಕಾಲು ಮುಟ್ಟಿ ತೋರಿಸಿದರು. ಬ್ರೋಕರ್ ಮೊಬೈಲ್ ನೋಡತೊಡಗಿದ.

ಆಮೇಲೆ ಅಜ್ಜಿಯೊಂದಿಗೆ ನಾನೇ ಮಾತಾಡಿದೆ. ಹೊಸಿಲು ಎತ್ತರಿಸುವ ಖರ್ಚಿನಷ್ಟು ಅವರು ಬೆಲೆ ಇಳಿಸಿದರು. ಕಾಗದಪತ್ರಗಳನ್ನು ಇಬ್ಬರು ವಕೀಲರಿಗೆ ತೋರಿಸಿ ಕೊಂಡೆವು. ಆದರೂ ನನಗೆ ಸಮಾಧಾನವಿಲ್ಲ. ಮೋಡ ಕವಿದರೆ ಈಗಲೂ ಅಂಗಡಿಯಿಂದ ಮನೆಗೆ ಫೋನ್ ಮಾಡುತ್ತೇನೆ.

"ಇನ್ನಾ ಒಂದ್ ಹನಿನೂ ಬಿದ್ದಿಲ್ರಿ" ಎನ್ನುತ್ತಾಳೆ ಹೆಂಡತಿ.