ಆರ್ಡೆನ್ ಹಾಕಿದ್ದ ರಜೆ

ಆರ್ಡೆನ್ ತೀರಿಕೊಂಡ ಹನ್ನೊಂದನೆಯ ದಿನ ಅವನು ಕೆಲಸ ಮಾಡುತ್ತಿದ್ದ ವಿದ್ಯುತ್ ಸ್ಥಾವರದಿಂದ ಅಕ್ಕ ನೆಡ್ರಾಗೆ ಫೋನು ಬಂತು. ಏಪ್ರಿಲ್ ಎರಡನೆಯ ವಾರಕ್ಕೆ ಅವರು ರಜೆ ಹಾಕಿದ್ದಾರೆ, ಮಂಜೂರೂ ಆಗಿದೆ, ರದ್ದು ಮಾಡಿಬಿಡಲೇ ಎಂದು ಕಚೇರಿಯ ಹೆಂಗಸು ಬಹಳ ಸಂಕೋಚಪಟ್ಟುಕೊಂಡು ಕೇಳಿದಳು.

"ಬೇಡ, ಇರಲಿ ಬಿಡಿ," ಎಂದಳು ನೆಡ್ರಾ. ಹಾಗೇಕೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ.

ನೆಡ್ರಾ ಸೋರೆನ್ಸನ್‌ಗೆ ಐವತ್ತೊಂಬತ್ತು. ಯೂಟಾ ರಾಜ್ಯದ ಸಣ್ಣ ಊರು ಫೆರನ್‌ನಲ್ಲೇ ಹುಟ್ಟಿ ಬೆಳೆದವಳು. ಇಪ್ಪತ್ತಾರು ವರ್ಷದಿಂದ ಕೌಂಟಿ ಆಡಳಿತದ ಗ್ರೇಡರ್ ಯಂತ್ರ ಓಡಿಸುತ್ತಿದ್ದಳು. ಊರಿನ ಪೂರ್ವಕ್ಕೆ ಸ್ವೆಲ್ ಎಂದು ಕರೆಯುವ ಕೆಂಪು ಬಂಡೆಗಳ ಬಯಲಿದೆಯಲ್ಲ, ಅಲ್ಲಿನ ಮಣ್ಣುರಸ್ತೆಗಳನ್ನು ಕೆರೆದು ಸಮ ಮಾಡುವುದು ಅವಳ ಕೆಲಸ. ಯಾವ ತಿರುವಿನ ಜೇಡಿ ನಾಲ್ಕು ಹನಿ ಬಿದ್ದರೆ ಬೆಣ್ಣೆಯಾಗುತ್ತದೆ, ಯಾವ ಒಣಹಳ್ಳ ಎಲ್ಲೋ ಬಿದ್ದ ಮಳೆಗೆ ಇಲ್ಲಿ ಉಕ್ಕಿ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಅಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ಸಂಜೆಯಾಯಿತೆಂದರೆ ಯಂತ್ರ ನಿಲ್ಲಿಸಿ ಮನೆಗೆ ಬರುವಳು. ಮನೆಯಲ್ಲಿ ತಮ್ಮ ಇರುತ್ತಿದ್ದ, ತಮ್ಮನ ನಾಯಿ ಪಿಂಟೊ ಇರುತ್ತಿತ್ತು. ನೆಡ್ರಾಳ ಮದುವೆ ಎರಡೇ ವರ್ಷಕ್ಕೆ ಮುರಿದಿತ್ತು. ಆರ್ಡೆನ್ ಮದುವೆಯನ್ನೇ ಆಗಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡಲೆಂದು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವನು ಏಳಲಿಲ್ಲ. ನೆಡ್ರಾ ಆಂಬುಲೆನ್ಸಿಗೆ ಫೋನು ಮಾಡಿದಳು, ಒಲೆ ಆರಿಸಿದಳು, ಇನ್ನೊಂದು ಬೂಟಿನ ದಾರವನ್ನೂ ಕಟ್ಟಿದಳು. ಚರ್ಚಿನವರು ಬಂದು ಅತ್ತರು. ಇವಳಿಗೆ ಅಳು ಬರಲಿಲ್ಲ. ಚಳಿಯಲ್ಲಿ ತುಂಬ ಹೊತ್ತು ಗ್ರೇಡರ್ ಹಿಡಿದ ಕೈ ಹೇಗೆ ತನ್ನದಲ್ಲ ಅನ್ನಿಸುತ್ತದೋ, ಇಡೀ ಮೈ ಹಾಗಾಗಿತ್ತು. ತಿಂದದ್ದಕ್ಕೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಪಿಂಟೊ ಆರ್ಡೆನ್‌ನ ಪಿಕಪ್ ಗಾಡಿಯ ಕೆಳಗೆ ಸೇರಿಕೊಂಡು, ಕೊಟ್ಟದ್ದರಲ್ಲಿ ಕಾಲುಭಾಗವನ್ನೂ ತಿನ್ನದೆ ಬಿದ್ದಿರುತ್ತಿತ್ತು.

ಮಾರ್ಚಿನಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದಳು. ಪಕ್ಕದ ಮನೆಯ ವರ್ಲೀನ್ ಚಿಕ್ಕಂದಿನ ಗೆಳತಿ. ಊಟ ತಂದುಕೊಟ್ಟಿದ್ದ ಪಾತ್ರೆ ಒಯ್ಯಲು ಬಂದವಳು ನಿಂತು ನೋಡಿದಳು.

"ಎಲ್ಲಿಗೇ?"

"ಸ್ವೆಲ್‌ಗೆ. ನಾಯಿ ಕರ್ಕೊಂಡು ಒಂದು ವಾರ."

"ದಿನಾ ಅಲ್ಲೇ ಧೂಳು ಕುಡೀತೀಯಲ್ಲೇ, ಸಾಲದಾ?"

"ರಜೆ ಮಂಜೂರಾಗಿದೆ."

"ಅದು ಸತ್ತೋನ ರಜೆ ಕಣೆ."

"ಮಂಜೂರಾಗಿದೆ ತಾನೆ," ಎಂದಳು ನೆಡ್ರಾ. ಮಾರನೆಯ ದಿನ ತನಗೂ ಅದೇ ವಾರಕ್ಕೆ ರಜೆ ಬರೆದುಕೊಟ್ಟಳು.

ರಾಷ್ಟ್ರೀಯ ಉದ್ಯಾನಗಳನ್ನು ಮೊದಲೇ ಬಿಟ್ಟಳು. ಅಲ್ಲಿನ ಕಾಲುದಾರಿಗಳಿಗೆ ನಾಯಿ ಬಿಡುವುದಿಲ್ಲ. ಸರ್ಕಾರಿ ಬಯಲಲ್ಲಾದರೆ ಕೇಳುವವರಿಲ್ಲ. ಪಿಂಟೊಗೆ ಸದ್ದೆಂದರೆ ಆಗದು. ಶನಿವಾರ ಭಾನುವಾರ ಮೋಜಿಗೆ ಬಂಡೆಗಳ ಮೇಲೆ ಗಾಡಿ ಹತ್ತಿಸುವವರ ಗದ್ದಲ, ಹಾಗಾಗಿ ಅವರೆಲ್ಲ ಮರಳುವ ಭಾನುವಾರ ಮಧ್ಯಾಹ್ನ ಹೊರಟು, ಅವರು ಮತ್ತೆ ಬರುವ ಮೊದಲು ವಾಪಸಾಗಬೇಕು. ದಾರಿಯಲ್ಲಿ ಎಲ್ಲೂ ನೀರಿಲ್ಲ, ಅರವತ್ತು ಲೀಟರ್ ಒಯ್ಯಬೇಕು. ಪಾಪಾಸುಕಳ್ಳಿಯ ಮುಳ್ಳು ಕೀಳಲು ಚಿಮುಟ, ಕಾದ ಬಂಡೆಗೆ ನಾಯಿಯ ಕಾಲುಚೀಲ. ಅಂಗಡಿಗೆ ಹೋಗುವ ಮುನ್ನ ಪಿಕಪ್ಪಿನ ಹಿಂದಿನ ಪೆಟ್ಟಿಗೆ ತೆಗೆದು ನೋಡಿದರೆ ಚಿಮುಟ, ಕಾಲುಚೀಲ, ನೀರಿನ ಡಬ್ಬಗಳು, ಎಲ್ಲ ಅಲ್ಲೇ ಇದ್ದವು. ಬಹಳ ಬಳಸಿ ಸವೆದಿದ್ದವು.

ಆರ್ಡೆನ್ ಪ್ರತಿ ಏಪ್ರಿಲ್ ಉತ್ತರದ ಜಲಾಶಯಕ್ಕೆ ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿ ಹೋಗುತ್ತಿದ್ದ. ಗಾಡಿಯಲ್ಲಿದ್ದ ಅವನ ನಕ್ಷೆಯಲ್ಲಿ ಪೆನ್ಸಿಲಿನ ಗುರುತು ಇದ್ದದ್ದು ಮಾತ್ರ ಸ್ವೆಲ್‌ನ ದಕ್ಷಿಣದ ಒಂದು ಒಣಹಳ್ಳದ ತುದಿಯಲ್ಲಿ. ಅಲ್ಲಿ ಮೀನಿರಲಿ, ಬೊಗಸೆ ನೀರೂ ಇಲ್ಲ. ನೆಡ್ರಾ ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಗುರುತಿದೆ, ಹೋದರಾಯಿತು ಎಂದು ಬುಧವಾರಕ್ಕೆ ಬರೆದುಕೊಂಡಳು.

ಮೊದಲ ಮೂರು ದಿನ ಅಂದುಕೊಂಡ ಹಾಗೇ ಕಳೆದವು. ಕಣಿವೆಯ ನೆರಳಲ್ಲಿ ಕೂತಳು, ನಾಯಿಯ ಹಿಂದೆ ನಡೆದಳು, ಡಬ್ಬದ ಸೂಪು ಬಿಸಿ ಮಾಡಿ ಕುಡಿದಳು. ಚೆನ್ನಾಗಿದೆ ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಬುಧವಾರ ದಕ್ಷಿಣದ ಕವಲಿಗೆ ತಿರುಗುತ್ತಲೇ ಪಿಂಟೊ ಎದ್ದು ನಿಂತು ಕುಂಯ್‌ಗುಟ್ಟತೊಡಗಿತು. ಹಳ್ಳದ ತುದಿಯಲ್ಲಿ ಕಾಟನ್‌ವುಡ್ ಮರದಡಿ ಒಂದು ಹಳೆಯ ನೀಲಿ ಗಾಡಿ, ಎರಡು ಮಡಚುವ ಕುರ್ಚಿ. ಒಂದರಲ್ಲಿ ಅರವತ್ತರ ಆಸುಪಾಸಿನ ಒಬ್ಬ ಗಂಡಸು, ಬಿಳಿ ಮೀಸೆಯವನು. ಆರ್ಡೆನ್‌ನ ಗಾಡಿ ಕಂಡು ನಗುತ್ತ ಎದ್ದವನು ಇಳಿದವಳನ್ನು ನೋಡಿ ಹಾಗೇ ನಿಂತ. ನಾಯಿ ಓಡಿಹೋಗಿ ಅವನ ಕಾಲಿಗೆ ಬಿತ್ತು.

"ನೀವು ನೆಡ್ರಾ," ಎಂದ.

"ಹೌದು."

"ಯಾವತ್ತು?"

"ಫೆಬ್ರವರಿ ಆರು. ಬೂಟು ಕಟ್ಕೊಳ್ತಾ ಇದ್ದ. ನೋವು ಗೊತ್ತಾಗಿರಲ್ಲ ಅಂದ್ರು ಡಾಕ್ಟರು."

ಅವನು ತಲೆಯಾಡಿಸಿ ಹಳ್ಳದ ಗುಂಟ ನಡೆದುಹೋದ. ಪಿಂಟೊ ಹಿಂದೆ ಹೋಯಿತು. ಒಂದು ಗಂಟೆಯ ಮೇಲೆ ಬಂದಾಗ ಅವನ ಕಣ್ಣು ಊದಿತ್ತು. ಒಲೆ ಹಚ್ಚಿ, ಚುಕ್ಕೆಕಾಳು ಬೇಯಿಸಿ, ಹಸಿರು ಮೆಣಸಿನಕಾಯಿ ಸುಟ್ಟು ಹಾಕಿ ಅವಳಿಗೂ ಬಡಿಸಿದ. ಅದರ ಖಾರ ಮಾತ್ರ ನೆಡ್ರಾಳ ನಾಲಿಗೆಗೆ ತಾಕಿತು.

ಅವನ ಹೆಸರು ಇಲಾಯ್ ಲುಸೆರೊ. ಕೊಲೊರಾಡೊದ ಕಡೆಯವನು, ಬಾವಿಯ ಪಂಪು ರಿಪೇರಿ ಕೆಲಸ. ಹದಿನಾಲ್ಕು ವರ್ಷ ಅವನೂ ಆರ್ಡೆನ್ನೂ ಈ ಒಂದು ವಾರ ಇಲ್ಲಿ ಜೊತೆಗಿದ್ದರು. ನಾಯಿಯ ಮೈಮೇಲಿನ ಮಚ್ಚೆ ನೋಡಿ, ಕೊಲೊರಾಡೊದ ಕಡೆ ಪಿಂಟೊ ಎನ್ನುವ ಚುಕ್ಕೆಕಾಳಿನ ಹೆಸರನ್ನು ಅದಕ್ಕೆ ಇಟ್ಟವನು ಇಲಾಯ್. ಉಳಿದ ಐವತ್ತೊಂದು ವಾರ ಫೋನಿಲ್ಲ, ಕಾಗದವಿಲ್ಲ. ಊರು ಚಿಕ್ಕದು, ಚರ್ಚು ಅದಕ್ಕಿಂತ ಚಿಕ್ಕದು ಎಂಬುದು ಆರ್ಡೆನ್‌ನ ಭಯ. ಗೆಳೆಯನೆಂದು ಹೇಳಿ ಮುಗಿಸಬಹುದಿತ್ತು, ಇಲಾಯ್ ಹಾಗೆ ಹೇಳಲಿಲ್ಲ. ಒಬ್ಬರಿಗೊಬ್ಬರು ಅಂತ ಇದ್ದೆವು ಎಂದ.

ನೆಡ್ರಾ ತಟ್ಟೆಯನ್ನು ಕೆಳಗಿಟ್ಟಳು.

"ನನಗಾದ್ರೂ ಹೇಳಬಹುದಿತ್ತು. ಹೇಳಿದ್ರೆ ನಾನೇನು ಮಾಡ್ತೀನಿ ಅಂದ್ಕೊಂಡಿದ್ದ?"

"ಏನೂ ಮಾಡಲ್ಲ, ಸುಮ್ಮನೆ ಇದ್ದುಬಿಡ್ತಾಳೆ ಅಂತಿದ್ದ. ಬೈದ್ರೆ ತಡ್ಕೋಬಹುದು, ಅಕ್ಕ ಸುಮ್ಮನಿರೋದು ತಡ್ಕೊಳ್ಳೋಕಾಗಲ್ಲ ಅಂತಿದ್ದ."

ಅದು ಸುಳ್ಳಾಗಿರಲಿಲ್ಲ. ಈಗಲೂ ಸುಮ್ಮನೇ ಇದ್ದಳಲ್ಲ. ತಟ್ಟೆಗಳನ್ನು ಒಯ್ದು ಮರಳಿನಲ್ಲಿ ಉಜ್ಜಿದಳು, ಹೊಳೆಯುವ ತನಕ ಉಜ್ಜಿದಳು. ಅಳು ಬರಬಹುದೇನೋ ಎಂದು ಕಾದಳು. ಬರಲಿಲ್ಲ.

ಶುಕ್ರವಾರದವರೆಗೆ ಇಬ್ಬರೂ ಅಲ್ಲೇ ಇದ್ದರು. ಪಿಂಟೊ ಇಲಾಯ್‌ನ ಕೈಯಿಂದ ತಿಂದು ತಿಂದು ಹೊಟ್ಟೆ ತುಂಬಿಸಿಕೊಂಡಿತು. ಹೊರಡುವ ಬೆಳಿಗ್ಗೆ ನೆಡ್ರಾ ನಾಯಿಯ ಬಟ್ಟಲನ್ನೂ ಕಾಲುಚೀಲಗಳನ್ನೂ ತಂದು ನೀಲಿ ಗಾಡಿಯಲ್ಲಿಟ್ಟಳು.

"ನೀವೇ ಕರ್ಕೊಂಡು ಹೋಗಿ."

"ಮನೇಲಿ ನಿಮಗೆ ಯಾರಿದ್ದಾರೆ?"

"ಫೋನಿದೆ. ಮಾಡಿ," ಎಂದು ನಂಬರು ಬರೆದುಕೊಟ್ಟಳು. ಆಮೇಲೆ ಕೇಳಿದಳು, "ಊರಲ್ಲಿ ಹೇಳಲಾ?"

ಇಲಾಯ್ ನಾಯಿಯ ಕಿವಿ ಸವರಿದ. "ಹೇಳಿ," ಎಂದ. "ಅವನಿಗೆ ಇನ್ನೇನು ಭಯ."

ಮನೆ ಸೇರಿದ ಸಂಜೆಯೇ ವರ್ಲೀನ್ ಬಂದು ನಾಯಿ ಎಲ್ಲಿ ಎಂದಳು. ನೆಡ್ರಾ ಅವಳನ್ನು ಕೂರಿಸಿ, ಆರ್ಡೆನ್‌ಗೆ ಒಬ್ಬ ಸಂಗಾತಿ ಇದ್ದ, ಹೆಸರು ಇಲಾಯ್, ನಾಯಿ ಅವನ ಹತ್ತಿರ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ವರ್ಲೀನ್‌ಳ ಮುಖ ಕೆಂಪಾಯಿತು. ಎದ್ದು ಹೋದಳು. ಎರಡು ವಾರ ಈ ಕಡೆ ಸುಳಿಯಲಿಲ್ಲ.

ಜೂನ್‌ನಲ್ಲಿ ಸಮಾಧಿಗೆ ಕಲ್ಲು ಬಂದಾಗ ಇಲಾಯ್ ಆರು ಗಂಟೆ ಗಾಡಿ ಓಡಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವನು ಕಲ್ಲಿನ ಮುಂದೆ ಟೋಪಿ ತೆಗೆದು ನಿಂತಿದ್ದಾಗ ವರ್ಲೀನ್ ಗಂಡನ ಜೊತೆ ಬಂದು ಬೇಲಿಯ ಆಚೆಯೇ ನಿಂತಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ನೆಡ್ರಾ ಅಲ್ಲಿಗೆ ನಡೆದು, "ಬಾರೇ, ಪರಿಚಯ ಮಾಡಿಸ್ತೀನಿ," ಎಂದು ಕೈ ಹಿಡಿದಳು. ವರ್ಲೀನ್‌ಳ ಕೈ ಬೆವರಿತ್ತು, ಬಿಸಿಯಾಗಿತ್ತು. ಬಹಳ ದಿನಗಳ ಮೇಲೆ ನೆಡ್ರಾಳ ಕೈಗೆ ಅದು ಗೊತ್ತಾಯಿತು.